ನೊರೆ ಹೋಗುವವರೆಗೆ

ಮೊನ್ನೆ ಶಿವಾಜಿನಗರದಲ್ಲಿ ಸೀಬೆಹಣ್ಣಿನ ಗಾಡಿಯವನು ಹೋಳುಗಳ ಮೇಲೆ ಕಪ್ಪು ಉಪ್ಪು ಉದುರಿಸಿ ಕೈಗಿಟ್ಟ. ಆ ಗಂಧಕದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಕ್ಕನ ಮೇಲೆ ಮತ್ತೆ ಸಿಟ್ಟು ಬಂತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ, ಸಿ.ವಿ. ರಾಮನ್ ನಗರದ ಕಡೆ ಒಂದು ಪುಟ್ಟ ಪ್ರಯೋಗಾಲಯಕ್ಕೆ ನಾನು ಹೊಸದಾಗಿ ಸೇರಿದಾಗ ಅವರು ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದರು. ರಾಯಚೂರಿನ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ಅವರ ಕೆಲಸ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಡ್ಡಿಗಳಿಗೆ ಹೊದಿಕೆ ಹಾಕುವುದು. ಮೈಯೊಳಗಿನ ಗಡ್ಡೆಗೆ ಇವನ್ನು ಸೇರಿಸಿ ಬೆಳಕು ಬಿಟ್ಟರೆ, ಕಡ್ಡಿ ಬಿಸಿಯಾಗಿ ಗಡ್ಡೆ ಸುಡುತ್ತದೆ ಎಂಬುದು ನಮ್ಮೆಲ್ಲರ ಆಸೆ.

ತೊಡಕು ಒಂದೇ. ಈ ಕಡ್ಡಿಗಳು ಬೆಳೆಯುವುದು ಸೋಪಿನಂಥ ಒಂದು ರಾಸಾಯನಿಕದಲ್ಲಿ. ಅದು ಸುತ್ತ ಅಂಟಿಕೊಂಡಿದ್ದರೆ ಜೀವಕೋಶ ಸಾಯುತ್ತದೆ. ಅದನ್ನು ಪೂರ್ತಿ ಕಿತ್ತರೆ ಕಡ್ಡಿಗಳು ಒಂದಕ್ಕೊಂದು ಮೆತ್ತಿಕೊಂಡು ಕೆಡುತ್ತವೆ. ಅದಕ್ಕೇ ಕಪ್ಪು ಉಪ್ಪಿನಂತೆಯೇ ನಾರುವ, ಗಂಧಕದ ತುದಿಯಿಂದ ಚಿನ್ನವನ್ನು ಹಿಡಿಯುವ ಬೇರೊಂದು ಹೊದಿಕೆ ಕೊಟ್ಟು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ ತೊಳೆಯಬೇಕು. ಹದವಾಗಿ.

ಹದವೇ ಅಕ್ಕನಿಗೆ ಒಲಿಯಲಿಲ್ಲ. ತಟ್ಟೆಯನ್ನೂ ಬೆರಳಿಗೆ ಕಿರ್ ಎನ್ನುವ ತನಕ ತೊಳೆಯುವವರು. ಇಲ್ಲಿಯೂ ನಳಿಗೆ ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಗುಳ್ಳೆ ಕಂಡರೂ ಮತ್ತೆ ಯಂತ್ರಕ್ಕೆ. ಹೊಸ ಹೊದಿಕೆಯ ವಸ್ತುವೇ ಕೊಂಚ ನೊರೆ ಬರಿಸುತ್ತದೆ, ಅದು ಸೋಪಲ್ಲ ಎಂದು ಗೈಡ್ ತಿಳಿಹೇಳಿದ್ದರು. ಅಕ್ಕ ತಲೆಯಾಡಿಸುತ್ತಿದ್ದರು, ತೊಳೆಯುತ್ತಿದ್ದರು...

ಕೊನೆಗೊಂದು ಸಲ ಅದ್ಭುತವಾಗಿ ಬಂತು. ಕೋಕಂ ಶರಬತ್ತಿನ ಬಣ್ಣ, ವಾರವಿಟ್ಟರೂ ಕದಲಲಿಲ್ಲ. ಸೋಮವಾರ ಅದನ್ನು ಜೀವಕೋಶಗಳ ಮೇಲೆ ಹಾಕಿ ಎಷ್ಟು ಬದುಕುತ್ತವೆಂದು ನೋಡುವ ಪರೀಕ್ಷೆಗೆ ಕೊಡಬೇಕು. ಫೆಲೋಶಿಪ್ ಆ ತಿಂಗಳೇ ಮುಗಿಯುತ್ತಿತ್ತು, ಇದು ತಪ್ಪಿದರೆ ಥೀಸಿಸ್ ಇಲ್ಲ. ಶನಿವಾರ ನೋಡುತ್ತೇನೆ, ಅಕ್ಕ ನಳಿಗೆ ಅಲ್ಲಾಡಿಸುತ್ತಿದ್ದಾರೆ.

“ಅಕ್ಕಾ, ಕೈ ಮುಗೀತೀನಿ, ಬಿಟ್ಬಿಡಿ. ಸೋಪಿದ್ಯೋ ಇಲ್ವೋ ಅಂತ ನೋಡೋಕೇ ತಾನೇ ಟೆಸ್ಟ್ ಇರೋದು?”

“ಸತ್ತ ಮ್ಯಾಲ ನೋಡೋದ್ರಾಗ ಏನೈತೋ ತಮ್ಮಾ? ಇದೊಂದ್ ಸಲ, ಅಷ್ಟ.”

ಆ ಒಂದು ಸಲಕ್ಕೆ ಮುಗಿಯಿತು. ಯಂತ್ರದಿಂದ ತೆಗೆದಾಗ ತಳದಲ್ಲಿ ಬೂದುಬಣ್ಣದ ಚರಟ, ಮೇಲೆ ತಿಳಿನೀರು. ಎಷ್ಟು ಅಲ್ಲಾಡಿಸಿದರೂ ಬಣ್ಣ ಮರಳಲಿಲ್ಲ. ನಾನು ಮೇಜು ಗುದ್ದಿ ಹೊರಗೆ ಹೋದೆ. ಅಕ್ಕ ಪದವಿಯಿಲ್ಲದೆ ಹೊರಟು, ಕೆ.ಆರ್. ಪುರದಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದರು.

ಮುಂದಿನ ವರ್ಷ ನಾನು ಅದೇ ಹೊದಿಕೆ ಹಾಕಿ, ಅದೇ ಗುಳ್ಳೆಗಳ ಸಮೇತ ಪರೀಕ್ಷೆಗೆ ಕೊಟ್ಟೆ. ಪಾಸಾಯಿತು. ಅಕ್ಕನಿಗೆ ಫೋನ್ ಮಾಡಿ, ಸುಮ್ಮನೆ ಹಾಳು ಮಾಡಿಕೊಂಡಿರಲ್ಲ ಎಂದು ಚೆನ್ನಾಗಿ ದಬಾಯಿಸಿದೆ. ಅವರು ಎಲ್ಲ ಕೇಳಿಸಿಕೊಂಡರು.

“ಎಲ್ಲಾ ಬದುಕಿದ್ವೇನು?”

“ಮುಕ್ಕಾಲುಪಾಲು ಅಕ್ಕ. ಅಷ್ಟು ಸಾಕು ಪಾಸಾಗೋಕೆ.”

“ಉಳಿದವು ಯಾಕ ಸತ್ವು?”

ನೀರಿನ ದೋಷವೋ, ಉಷ್ಣತೆಯೋ, ಸೋಪೋ... ನನಗೆ ಗೊತ್ತಿರಲಿಲ್ಲ. ಇಂಥವರ ಜೊತೆ ಏಗುವುದು ಹೇಗೆ ಹೇಳಿ? ತಿಳಿದಾಗ ಹೇಳುತ್ತೇನೆಂದು ರೇಗಿ ಫೋನಿಟ್ಟೆ.

ಅಕ್ಕ ಹೋಗಿ ಈಗ ನಾಲ್ಕು ವರ್ಷ. ಜ್ವರವೆಂದು ಆಸ್ಪತ್ರೆ ಸೇರಿದವರು ಮರಳಲಿಲ್ಲವೆಂದು ಅವರ ಒಡಹುಟ್ಟಿದ ತಮ್ಮ ತಿಳಿಸಿದರು. ಈಗ ನನ್ನ ಕೈಕೆಳಗೆ ಹುಡುಗ ಹುಡುಗಿಯರು ಕಡ್ಡಿ ತೊಳೆಯುತ್ತಾರೆ. ಸಾಕು, ಕೊಟ್ಟುಬಿಡಿ ಎಂದು ನಾನೇ ಗದರುತ್ತೇನೆ. ಫಲಿತಾಂಶ ಬಂದಾಗ ಮಾತ್ರ, ಬದುಕಿದವುಗಳ ಸಾಲು ಬಿಟ್ಟು ಕಣ್ಣು ಕೆಳಗೆ ಸತ್ತವುಗಳ ಸಾಲಿಗೆ ಹೋಗುತ್ತದೆ. ಈಚೆಗೆ ಒಂದೆರಡು ಕಾರಣ ತಿಳಿದಿವೆ ಕೂಡ. ಹೇಳೋಣವೆಂದರೆ ಆ ಹೆಂಗಸೇ ಇಲ್ಲ.