ಹೆಬ್ಬೆರಳಿನ ಲೆಕ್ಕ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಚಟವಿದೆ. ಯಾರಾದರೂ ಮಾತನಾಡಿದರೆ ಸಾಕು, ಅದು ಉಳಿದ ನಾಲ್ಕು ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಮಾತ್ರೆ ಎಣಿಸತೊಡಗುತ್ತದೆ. ಕಾಲೇಜಿನಲ್ಲಿ ಛಂದಸ್ಸು ಕಲಿಸಿ ನಿವೃತ್ತನಾದ ಮೇಲೂ ಬಿಡದ ಈ ವ್ಯಾಧಿಯಿಂದಾಗಿ, ಗೋಣಿಕೊಪ್ಪಲಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಊರುಗಳ ಹೆಸರು ಕೂಗಿದರೂ ನನಗೆ ಲಘು-ಗುರುಗಳೇ ಕೇಳಿಸುತ್ತವೆ. ನೋಡಿದವರು ಜಪವೆಂದು ತಿಳಿದು ಕೈಮುಗಿಯುತ್ತಾರೆ. ಬಿಟ್ಟಿ ಬಂದ ಪುಣ್ಯವನ್ನು ನಾನೂ ನಿರಾಕರಿಸಿಲ್ಲ.

ಹೀಗಿರುವಾಗ ಪಕ್ಕದ ಮನೆಯ ಗಂಗಮ್ಮನವರ ಮೊಮ್ಮಗಳ ಮದುವೆ ಬಂತು. ಕೊಡವರ ಮದುವೆಯಲ್ಲಿ ನಾಲ್ವರು, ಅಂಗೈಯಲ್ಲಿ ಹಿಡಿಯುವ ಪುಟ್ಟ ದುಡಿಯನ್ನು ಬಾರಿಸುತ್ತಾ ಹಾಡುವ ಕಥನಗೀತೆಯನ್ನು ನೀವೂ ಕೇಳಿರಬಹುದು. ಇಬ್ಬರು ಹಾಡಿದ ಸಾಲನ್ನು ಉಳಿದಿಬ್ಬರು ಮರಳಿಸುತ್ತಾರೆ. ನನ್ನ ಲೆಕ್ಕದಲ್ಲಿ ಗಣಕ್ಕೆ ನಾಲ್ಕು ಮಾತ್ರೆ. ಪ್ರಾಸವಂತೂ ಕರೆಯದೆಯೂ ಬರುವ ನೆಂಟ. ಕರೆಯಬೇಕಾದವರು ಬೇರೆ ಇದ್ದಾರೆ. ನಮ್ಮೂರ ಹಾಡುಗಾರರು ಕಥೆಯ ನಡುವೆ ಆ ಮನೆಯ ಗತಿಸಿದ ಹಿರಿಯರನ್ನು ಹೆಸರು ಹಿಡಿದು ಮದುವೆಗೆ ಕರೆಯುತ್ತಾರೆ.

ಗಂಗಮ್ಮನವರ ಯಜಮಾನರು ಮುತ್ತಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಮೊಮ್ಮಗಳ ಮದುವೆ ನೋಡಿಯೇ ಹೋಗುತ್ತೇನೆ ಎನ್ನುತ್ತಿದ್ದವರು. ಅವರ ಹೆಸರಿಗೆ ಐದು ಮಾತ್ರೆ, ಹಾಡಿನಲ್ಲಿ ಜಾಗ ನಾಲ್ಕಕ್ಕೆ. ಗಂಗಮ್ಮನವರ ಜಗಲಿಯಲ್ಲಿ ನಡೆದ ಅಭ್ಯಾಸದಲ್ಲಿ ತಾಳ ಎಡವಿದಾಗ ಮುಖ್ಯ ಹಾಡುಗಾರ ಬೋಪಣ್ಣ, ನನ್ನ ಹಳೆಯ ಶಿಷ್ಯ, ನನ್ನನ್ನು ಕರೆಸಿದ. ಸಮಸ್ಯೆಯೇನು ಮಹಾ, ಒತ್ತೊಂದನ್ನು ಸಡಿಲಿಸಿ ‘ಮುತ್ತಪ’ ಎಂದರಾಯಿತು ಎಂದು ಪಂಡಿತಗಾಂಭೀರ್ಯದಿಂದ ತೀರ್ಪಿತ್ತೆ.

ಗಂಗಮ್ಮನವರ ಕಣ್ಣು ತುಂಬಿತು. “ಮಾಷ್ಟ್ರೇ, ಅವ್ರು ಅರ್ಧ ಹೆಸರಿಗೆ ಯಾವತ್ತೂ ತಿರುಗಿ ನೋಡಿದವರಲ್ಲ. ಹಂಗೆ ಕರೆದ್ರೆ ಬರ್ತಾರಾ?”

ಕೊಟ್ಟ ತೀರ್ಪನ್ನು ಹಿಂತೆಗೆದುಕೊಳ್ಳದೆಯೇ ನಾನು ಮನೆಗೆ ನಡೆದೆ.

ಮದುವೆಯ ದಿನ ಆ ಸಾಲು ಬಂದಾಗ ಬೋಪಣ್ಣ ಒಮ್ಮೆ ನನ್ನ ಕಡೆ, ಒಮ್ಮೆ ಗಂಗಮ್ಮನವರ ಕಡೆ ನೋಡಿ, ಜೊತೆಗಾರನೊಂದಿಗೆ ಹೆಸರನ್ನು ಇಡಿಯಾಗಿ ಹಾಡಿಬಿಟ್ಟ. ದುಡಿ ಒಂದು ಗುಟುಕು ಉಸಿರಿನಷ್ಟು ತಡೆದು ನಿಂತಿತು. ತಾಳ ಕೆಟ್ಟಿತೆಂದು ನಾನು ಬೆವರಿದೆ. ಆದರೆ ಎದುರಿನ ಇಬ್ಬರು ಪದ್ಧತಿಯಂತೆ ಸಾಲನ್ನು ಮರಳಿಸುವಾಗ ಆ ತಡೆಯನ್ನೂ ಸೇರಿಸಿಯೇ ಮರಳಿಸಿದರು. ಅಲ್ಲಿಗೆ ಎಡವಿದ್ದೇ ಹಾಡಿನ ನಡೆಯಾಯಿತು. ಗಂಗಮ್ಮನವರು ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಕೈಚೀಲವನ್ನು ಮೆಲ್ಲನೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ನಾನು ಆ ಖಾಲಿ ಕುರ್ಚಿಯನ್ನೇ ನೋಡುತ್ತಾ ಕೂತೆ. ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ಎಣಿಸುತ್ತಲೇ ಇತ್ತು. ನಾಲ್ಕು ಬೆರಳು ಮುಗಿದವು. ಐದನೆಯ ಮಾತ್ರೆಗೆ ಮುಟ್ಟಲು ಬೆರಳಿಲ್ಲ. ಇಷ್ಟು ವರ್ಷ ಉಳಿದವರನ್ನೆಲ್ಲ ಎಣಿಸಿದ ಅದು ತನ್ನನ್ನು ಎಣಿಸಿಯೇ ಇರಲಿಲ್ಲ. ಅಂದು ಅದನ್ನೂ ಲೆಕ್ಕಕ್ಕೆ ಹಿಡಿದೆ, ಮುತ್ತಪ್ಪನವರು ಸರಿಯಾಗಿ ಕೂತರು.