ಜಾಗ ಬದಲಾದ ತುಂಡು

ಹದಿನೆಂಟು ವರ್ಷದಿಂದ ತಿಪಟೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಒಂದೇ ಪಾಠ ಒಪ್ಪಿಸುತ್ತಿದ್ದೇನೆ. ವರ್ಣತಂತುವಿನ, ಅಂದರೆ ಕ್ರೋಮೋಸೋಮಿನ, ತುಂಡೊಂದು ಕಳೆದುಹೋಗಬಹುದು, ಎರಡೆರಡಾಗಬಹುದು, ಇದ್ದಲ್ಲೇ ತಲೆಕೆಳಗಾಗಿ ಕೂರಬಹುದು, ಇಲ್ಲವೇ ಕಿತ್ತುಕೊಂಡು ಬೇರೊಂದು ವರ್ಣತಂತುವಿಗೆ ಅಂಟಬಹುದು. ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಒರೆಸಿ, ಮತ್ತೆ ಬರೆದು ನನಗೇ ಸಾಕಾಗಿದೆ. ಹೊನ್ನವಳ್ಳಿ ಬಸ್ಸಿಗೆ ಬರುವ ಮಕ್ಕಳು ತೂಕಡಿಸುತ್ತಾರೆ. ಬೈಯುವ ಉಮೇದೂ ಈಗ ಉಳಿದಿಲ್ಲ.

ನನ್ನ ಹೆಂಡತಿಗೆ ಮೂರನೆಯ ಸಲವೂ ಬಸಿರು ನಿಲ್ಲದೆ ಹೋದಾಗ ಡಾಕ್ಟರು ಇಬ್ಬರ ರಕ್ತವನ್ನೂ ವರ್ಣತಂತು ಪರೀಕ್ಷೆಗೆ ಬರೆದುಕೊಟ್ಟರು. "ಮೊದ್ಲು ನಿಂದು ನೋಡೋಣ" ಎಂದು ಅವಳದೊಂದನ್ನೇ ಕೊಡಿಸಿದೆ. ಇಬ್ಬರದೂ ನೋಡಬೇಕೆಂದು ಮಕ್ಕಳಿಗೆ ನೋಟ್ಸ್ ಬರೆಸುವವನೇ ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವಳ ರಿಪೋರ್ಟಿನಲ್ಲಿ ಏನೂ ದೋಷವಿರಲಿಲ್ಲ. ನನ್ನದನ್ನು ಮಾತ್ರ ಪೇಪರ್ ತಿದ್ದುವುದು ಮುಗಿಯಲಿ, ತೆಂಗಿನಕಾಯಿ ಕೀಳಿಸುವುದು ಮುಗಿಯಲಿ ಎಂದು ವರ್ಷಗಟ್ಟಲೆ ತಳ್ಳಿದೆ.

ಅಷ್ಟರಲ್ಲಿ ತಂಗಿಯ ಸೀಮಂತ ಬಂತು. ಮಡಿಲು ತುಂಬಲು ನನ್ನ ಹೆಂಡತಿಯೂ ತಟ್ಟೆ ಎತ್ತಿಕೊಂಡಳು. ಅವ್ವ ಎಲ್ಲರೆದುರೇ, "ನೀನ್ ಬ್ಯಾಡ ಕಣಮ್ಮ, ಆ ಕಡೆ ಕೂತ್ಕೋ ಹೋಗು" ಎಂದಳು. ಇವಳು ತಟ್ಟೆ ಇಟ್ಟು ಹೋಗಿ ಕೂತಳು. ನಾನು ಕಂಡೂ ಕಾಣದವನಂತೆ ಊಟದ ಎಲೆ ಹಾಕುವವರ ಜೊತೆ ಸೇರಿಕೊಂಡೆ.

ನಾಚಿಕೆಗೆ ಮರುವಾರವೇ ರಕ್ತ ಕೊಟ್ಟೆ. ದೋಷ ನನ್ನದೇ. ಎರಡು ವರ್ಣತಂತುಗಳ ತುದಿಗಳು ಅದಲುಬದಲಾಗಿದ್ದವು. ಹೆಂಡತಿ ರಿಪೋರ್ಟು ಓದಿ ಮಡಚಿಟ್ಟು, "ಅತ್ತೆಗೆ ನೀವೇ ಹೇಳಿ" ಎಂದಳು, ಅಷ್ಟೇ.

ಮಾರನೆಯ ದಿನ ತರಗತಿಯಲ್ಲಿ ತುಂಡು ಅದಲುಬದಲಾಗುವುದನ್ನು ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದಳು: "ಏನೂ ಕಳ್ದೇ ಹೋಗಿಲ್ಲ ಅಂದ್ಮೇಲೆ ತೊಂದ್ರೆ ಏನ್ ಸರ್?"

"ಹಾಗಿರುವವನಿಗೇನೂ ಇಲ್ಲಮ್ಮ. ಮಗುವಿಗೆ ಹೋಗುವಾಗ ಒಂದು ತುಂಡು ಹೆಚ್ಚೋ ಕಮ್ಮಿಯೋ ಆಗಬಹುದು. ಅಂಥ ಬಸಿರು ಎಷ್ಟೋ ಸಲ ನಿಲ್ಲಲ್ಲ."

"ಎಷ್ಟು ಮಾರ್ಕ್ಸಿಗೆ ಬರುತ್ತೆ ಸರ್?"

"ಎರಡು" ಎಂದೆ.

ಭಾನುವಾರ ಅವ್ವ ಹಿತ್ತಿಲಲ್ಲಿ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ಎದುರು ಕೂತು ಹೇಳಿದೆ: "ಅವಳ್ದೇನೂ ತಪ್ಪಿಲ್ಲ ಕಣವ್ವ. ದೋಷ ಇರೋದು ನನ್ನಲ್ಲಿ."

ಅವ್ವ ಕೈಲಿದ್ದ ಗರಿ ಕೆಳಗಿಟ್ಟಳು. ಆಮೇಲೆ, "ನಿನಗಿಂತ ಮುಂಚೆ ನನಗೂ ಎರಡು ಬಸಿರು ಹೋದ್ವು ಕಣಪ್ಪ. ನಿಮ್ಮಜ್ಜಿ ನನ್ನ ಯಾವ ಹಸೆಮಣೆ ಹತ್ರಕ್ಕೂ ಬುಡ್ತಿರ್ಲಿಲ್ಲ. ಅದೆಂಗಿರುತ್ತೆ ಅಂತ ಗೊತ್ತಿದ್ದೂ ಇವಳಿಗೆ ಹಂಗಂದ್ಬುಟ್ಟೆ ನೋಡು" ಎಂದಳು. ಇವಳನ್ನು ಕೂಗಿ ಪಕ್ಕದಲ್ಲಿ ಕೂರಿಸಿಕೊಂಡಳು. "ಆಯ್ತು ಬಿಡಿ ಅತ್ತೆ" ಎಂದು ಇವಳೂ ಒಂದು ಗರಿ ಎತ್ತಿಕೊಂಡಳು.

ನನಗೆ ಹೊರೆ ಇಳಿದಂತಾಗಿತ್ತು. ಒಳಗೆ ಬಂದ ಮೇಲೆ ಹೆಂಡತಿಯನ್ನು, "ಈಗ ಸಮಾಧಾನ ಆಯ್ತಾ?" ಎಂದು ಕೇಳಿದೆ.

"ರಿಪೋರ್ಟು ಬರೋವರೆಗೂ ಯಾಕೆ ಕಾಯಬೇಕಿತ್ತು? ಅವತ್ತು ಸೀಮಂತದಲ್ಲಿ ಅಷ್ಟು ಜನರ ಮುಂದೆ, 'ನಂದಿನ್ನೂ ಟೆಸ್ಟೇ ಆಗಿಲ್ಲ' ಅಂತ ನೀವು ಒಂದು ಮಾತು ಅಂದಿದ್ರೆ ಸಾಕಾಗಿತ್ತು" ಎಂದಳು.