ಗಂಟಲು ಒಡ್ಡುವ ಕುರ್ಚಿ

ಕ್ಷೌರದಂಗಡಿಯ ಮಾವನ ಕೈ ನಡುಗಿದ್ದನ್ನು ಕಡ್ಡಿ ಹುಟ್ಟಿದಾಗಿನಿಂದ ಕಂಡವಳಲ್ಲ. ಮೂಟೆ ಹೊರುವವರು, ಗಾರೆ ಕೆಲಸದವರು, ಚರಂಡಿಗೆ ಇಳಿಯುವವರು, ಹೀಗೆ ಕೇರಿಯ ಗಂಡಸರೆಲ್ಲ ಅವನ ಒಂದೇ ಒಂದು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಗಂಟಲು ಒಡ್ಡುತ್ತಿದ್ದರು. ಕೆಲವರು ಕತ್ತಿಯ ಕೆಳಗೇ ಗೊರಕೆ ಹೊಡೆಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನ ಚರ್ಮಕ್ಕೂ ಒಂದು ಗೀರು ಬಿದ್ದಿರಲಿಲ್ಲ.

ಕಡ್ಡಿ ಅವನ ತಂಗಿಯ ಮಗಳು. ಹತ್ತೊಂಬತ್ತು ವರ್ಷ. ಫ್ಯಾನು ಜೋರಾಗಿ ತಿರುಗಿದರೆ ಹಾರಿಹೋಗುವ ಮೈಕಟ್ಟು, ಹಾಗಾಗಿ ಆ ಹೆಸರು. ಚಪ್ಪಲಿ ಫ್ಯಾಕ್ಟರಿಯಲ್ಲಿ ನಿಂತೇ ಅಟ್ಟೆಗಳಿಗೆ ಅಂಟು ಬಳಿಯುವುದು ಅವಳ ಕೆಲಸ. ಕೆಲವು ತಿಂಗಳಿಂದ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಯಂತ್ರದ ಸದ್ದಿನೊಳಗಿಂದ ಯಾರೋ ಅವಳನ್ನು ಬೈಯುವುದು ಕೇಳಿಸುತ್ತಿತ್ತು. ಒಂದು ದಿನ ಒಂಟಿ ಚಪ್ಪಲಿಯನ್ನು ಎದೆಗವಚಿಕೊಂಡು ಮೇಜಿನ ಕೆಳಗೆ ಕುಳಿತವಳು ಎಷ್ಟು ಕರೆದರೂ ಏಳಲಿಲ್ಲ. ಸೂಪರ್‌ವೈಸರ್ ‘ನಾಟಕ’ ಅಂದ, ಜೊತೆಗಾತಿಯರು ‘ತಲೆ ಕೆಟ್ಟಿದೆ’ ಅಂದರು. ಸಂಜೆಯೊಳಗೆ ಅವಳು ಗೇಟಿನಾಚೆ ಇದ್ದಳು.

ಉಳ್ಳವರ ಮಗಳಿಗೆ ಹೀಗಾದರೆ ‘ಸ್ವಲ್ಪ ವಿಶ್ರಾಂತಿ ಬೇಕು’ ಅನ್ನುತ್ತಾರೆ. ಕೇರಿಯ ಹುಡುಗಿಗಾದರೆ ಹುಚ್ಚು. ಅದಕ್ಕಿಂತ ಉದ್ದದ ಪದವನ್ನು ಕೇರಿಗೆ ಯಾರೂ ಕೊಟ್ಟಿಲ್ಲ.

ನಾಲ್ಕು ಮನೆಯ ಪಾತ್ರೆ ತೊಳೆಯುವ ಅಮ್ಮ ಅವಳನ್ನು ಒಳಗೆ ಹಾಕಿ ಚಿಲಕ ಎಳೆದಳು. ಕೇಳಿದವರಿಗೆಲ್ಲ ಜ್ವರ ಎಂದಳು. ಪಕ್ಕದ ಮನೆಯಾಕೆ ತಿಂಗಳಾದ ಮೇಲೆ, “ಅದ್ಯಾವ ಜ್ವರಾನಮ್ಮ, ಬಾಡಿಗೆಗೆ ಬಂದು ಕೂತಿದ್ಯಾ?” ಎಂದು ಕಿಟಕಿಯಲ್ಲಿ ಇಣುಕಿದಳು.

ಒಂದು ಬುಧವಾರ, ಅಂಗಡಿಯ ರಜೆ ದಿನ, ಮಾವ ಬಂದು ಚಿಲಕ ತೆಗೆದ.

“ಏಳೇ. ಮಾನಸಿಕ ಆಸ್ಪತ್ರೆಗೆ ಹೋಗಿ ಬರೋಣ.”

“ಅಣ್ಣಾ, ನಿಂಗೇನು ಬುದ್ಧಿ ಇದ್ಯಾ?” ಅಮ್ಮ ಅಡ್ಡ ನಿಂತಳು. “ನಾಳೆ ಇವಳನ್ನ ಯಾರು ಕೆಲಸಕ್ಕೆ ಸೇರಿಸ್ಕೋತಾರೆ?”

“ಹಿಂಗೇ ಬಾಗಿಲು ಹಾಕ್ಕೊಂಡಿದ್ರೆ, ಸೇರ್ಕೊಳ್ಳೋಕೆ ನಾಳೆ ಇವಳು ಇರ್ಬೇಕಲ್ಲ.”

ಅಮ್ಮ ಬಾಗಿಲಿಂದ ಸರಿದಳು. ಕಡ್ಡಿ ಗೋಡೆಗೆ ಒರಗಿದಳು. “ನಾನು ಹುಚ್ಚಿ ಅಲ್ಲ. ಬರಲ್ಲ.”

“ಬಸ್ ಹತ್ತು. ಅಲ್ಲಿ ಇಳಿಯೋದು ಬಿಡೋದು ನಿನ್ನಿಷ್ಟ.”

ಅಮ್ಮ ಒಂದು ತರಕಾರಿ ಚೀಲ ತಂದು ಅಣ್ಣನ ಕೈಗೆ ತುರುಕಿದಳು. ಅದಕ್ಕೊಂದು ಕಾರಣವಿತ್ತು. ಆ ಆಸ್ಪತ್ರೆಯ ಗೇಟಿನೆದುರೇ ಬಸ್ ನಿಲ್ಲುತ್ತಿತ್ತು, ಆದರೆ ಅಲ್ಲಿ ಇಳಿಯುವವರು ಕಡಿಮೆ. ಹೋಗಬೇಕಾದವರು ಮುಂದಿನ ಮಾರ್ಕೆಟ್ಟಿಗೆ ಟಿಕೆಟ್ ಕೊಂಡು, ಖಾಲಿ ಚೀಲ ಬೀಸಿಕೊಂಡು ಇಳಿದು, ಬಿಸಿಲಲ್ಲಿ ಒಂದು ಮೈಲಿ ಹಿಂದಕ್ಕೆ ನಡೆಯುತ್ತಿದ್ದರು. ಕಂಡಕ್ಟರುಗಳಿಗೆಲ್ಲ ಗೊತ್ತಿದ್ದ ಗುಟ್ಟು ಅದು.

ಬಸ್ಸಿನಲ್ಲಿ, ಗ್ರಹಚಾರಕ್ಕೆ, ಹಮಾಲರ ಮೇಸ್ತ್ರಿ ಕುಳಿತಿದ್ದ. ಅವನ ಕಿವಿಗೆ ಬಿದ್ದದ್ದು ಕೇರಿಗೇ ಬಿದ್ದಂತೆ.

“ಏನಣ್ಣ, ಹುಡುಗೀನ ಕರ್ಕೊಂಡು ಮಾರ್ಕೆಟ್ಟಿಗಾ?”

ಕಂಡಕ್ಟರ್ ಬಂದ. ಮಾವ ಚೀಲವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸಿದ. ಆಮೇಲೆ, ಅಂಗಡಿಯಲ್ಲಿ ‘ಮುಂದಿನವರು ಬನ್ನಿ’ ಎಂದು ಕೂಗುವ ಅದೇ ದನಿಯಲ್ಲಿ ಹೇಳಿದ:

“ಮಾನಸಿಕ ಆಸ್ಪತ್ರೆ. ಎರಡು.”

ಕಂಡಕ್ಟರನ ಕೈಯೇ ಒಂದು ಕ್ಷಣ ನಿಂತಿತು. ಮೇಸ್ತ್ರಿ ಪೂರ್ತಿ ಹಿಂದಕ್ಕೆ ತಿರುಗಿದ. “ಯಾರಿಗಣ್ಣ?” ಎಂದು ಮಾವನನ್ನು ಕೇಳಿದರೂ ಕಣ್ಣು ಇದ್ದದ್ದು ಕಡ್ಡಿಯ ಮೇಲೆ.

“ನಂಗೆ ಕಣಯ್ಯ. ಇಪ್ಪತ್ತು ವರ್ಷದಿಂದ ಮಾತ್ರೆ ನುಂಗ್ತಿದೀನಿ. ಇವಳು ನನ್ ಜೊತೆಗೆ ಬರ್ತಿದಾಳೆ.”

ಎಂಥ ಸುಳ್ಳು ಹೇಳಿದ ಪುಣ್ಯಾತ್ಮ ಎಂದು ಕಡ್ಡಿ ಬೆರಗಾದಳು. ತನಗಾಗಿ ಇಷ್ಟು ದೊಡ್ಡ ಸುಳ್ಳು ಹೇಳಿದವನ ಎದುರು ಇಳಿಯುವುದಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಇಳಿದಳು.

ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕುಳಿತಿದ್ದ ಹೆಂಗಸು ಮಾವನ ಹೆಸರು ಕೇಳಲಿಲ್ಲ. “ಏನಪ್ಪಾ, ಈ ಸಲ ಬೇಗ ಬಂದ್ಬಿಟ್ಟೆ?” ಎನ್ನುತ್ತ ಹಿಂದಿನ ಕಪಾಟಿನಿಂದ ಇಟ್ಟಿಗೆ ದಪ್ಪದ ಒಂದು ಫೈಲು ಎಳೆದು ಹಾಕಿದಳು. ಅಂಚೆಲ್ಲ ಜೂಲು ಜೂಲು. ಮೊದಲ ಹಾಳೆಯ ಮೇಲೆ ಕಣ್ಣು ಗುಳಿಬಿದ್ದ ಒಬ್ಬ ಹುಡುಗನ ಫೋಟೊ. ಮೂಗು ಮಾತ್ರ ಮಾವನದು.

ಇಬ್ಬರೂ ಬೆಂಚಿನ ಮೇಲೆ ಕುಳಿತರು.

“ಸುಳ್ಳಲ್ವಾ ಮಾವ?”

“ನಿನಗಿಂತ ನಾಲ್ಕೈದು ವರ್ಷ ದೊಡ್ಡೋನು ಆಗ. ಕನ್ನಡಿಯೊಳಗಿರೋನು ನನ್ನ ಬೈತಿದ್ದ. ಅವನಿಗೆ ಬಟ್ಟೆ ಹೊದಿಸಿ, ಗಿರಾಕಿಗಳಿಗೆ ಕನ್ನಡಿ ಒಡೆದಿದೆ ಅಂತ ಹೇಳಿ ಕ್ಷೌರ ಮಾಡ್ತಿದ್ದೆ.”

“ಅಮ್ಮಂಗೆ ಗೊತ್ತಾ?”

“ಯಾರಿಗೂ ಗೊತ್ತಿರ್ಲಿಲ್ಲ. ಇವತ್ತಿನ ತನಕ.”

ಅಂದರೆ ಇಪ್ಪತ್ತು ವರ್ಷ ಈ ಮನುಷ್ಯ ಖಾಲಿ ಚೀಲ ಹಿಡಿದು ಆ ಒಂದು ಮೈಲಿ ನಡೆದಿದ್ದ. ಆ ಇಪ್ಪತ್ತು ವರ್ಷವನ್ನು ಇವತ್ತು ಒಂದು ಟಿಕೆಟ್ಟಿನ ಜೊತೆ ಹರಿದು ಬಿಸಾಕಿದ್ದ. ಕಡ್ಡಿ ಅವನ ಕೈಯನ್ನೇ ನೋಡಿದಳು. ಉಗುರಿನ ಸಂದಿಯಲ್ಲಿ ಸೋಪಿನ ಬಿಳಿ ಉಳಿದ ಆ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ತಲೆಯೊಳಗೆ ಅಂಥ ಗದ್ದಲ ಇಟ್ಟುಕೊಂಡು ಈ ಕೈ ಊರಿನ ಅಷ್ಟೂ ಗಂಟಲು ಕಾದಿತ್ತು!

ಡಾಕ್ಟರಮ್ಮ ಬೈಯುವ ದನಿಯ ಬಗ್ಗೆ ಕೇಳಿದಳು. ಹೆಂಗಸಿನದೋ ಗಂಡಸಿನದೋ, ಬೆಳಿಗ್ಗೆ ಜಾಸ್ತಿಯೋ ಸಂಜೆಯೋ ಎಂದು, ನೋಯುವ ಹಲ್ಲು ಎಡಕ್ಕೋ ಬಲಕ್ಕೋ ಎಂದು ಕೇಳಿದ ಹಾಗೆ. ಕಡ್ಡಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಡಾಕ್ಟರಮ್ಮ ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಬಾ ಎಂದಳು.

ಅವರು ಮನೆ ಮುಟ್ಟುವ ಮೊದಲೇ ಮೇಸ್ತ್ರಿಯ ಬಾಯಿ ಕೇರಿ ಮುಟ್ಟಿತ್ತು. “ಹುಚ್ಚನ ಕೈಗೆ ಕತ್ತಿ ಕೊಟ್ಟು ನಾವೇ ಹೋಗಿ ಕುತ್ತಿಗೆ ಕೊಡ್ತಿದ್ವಲ್ರೋ!” ಮರುದಿನದಿಂದ ಅಂಗಡಿಗೆ ನೊಣವೂ ಬರಲಿಲ್ಲ. ನಿನ್ನೆವರೆಗೆ ಗೊರಕೆ ಹೊಡೆದವರು ಇವತ್ತು ಎದುರಿನ ಪಕ್ಕಕ್ಕೆ ದಾಟಿ ನಡೆದರು. ಮಾವ ದಿನವೂ ಬಾಗಿಲು ತೆಗೆದ, ಕೂದಲಿಲ್ಲದ ನೆಲ ಗುಡಿಸಿದ, ಚರ್ಮದ ಪಟ್ಟಿಗೆ ಕತ್ತಿ ಉಜ್ಜಿದ, ಕುಳಿತ.

ಹತ್ತನೇ ದಿನ ಕಡ್ಡಿ ತಡೆಯಲಾರದೆ ಅಂಗಡಿಗೆ ಬಂದಳು. “ಬಸ್ಸಲ್ಲಿ ತಮಾಷೆಗಂದೆ ಅಂತ ಹೇಳ್ಬಿಡು ಮಾವ. ಅಂಗಡಿ ಉಳೀಲಿ. ನಾನು ಆ ಕಡೆಗೆ ತಲೇನೂ ಹಾಕಲ್ಲ, ಆ ಮಾತ್ರೇನೂ ಬೇಡ.”

“ಇಪ್ಪತ್ತು ವರ್ಷ ಸುಳ್ಳು ಹೇಳಿ ಅಂಗಡಿ ಉಳಿಸ್ಕೊಂಡೆ, ಸಾಕಾಯ್ತು. ಅಂಗಡಿ ಚಿಂತೆ ನಂಗಿರ್ಲಿ. ನೀನು ಮಾತ್ರೆ ನುಂಗು.”

ಅವಳು ಆಗಲಿ ಎನ್ನಲಿಲ್ಲ. ಈ ಕುರ್ಚಿ ಹೀಗೇ ಖಾಲಿ ಉಳಿದರೆ ಮುಂದಿನ ಬುಧವಾರ ತಾನು ಬಸ್ ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿದಳು.

ಸೋಮವಾರ ಮಟಮಟ ಮಧ್ಯಾಹ್ನ ಅವಳು ಊಟದ ಡಬ್ಬಿ ತಂದಿದ್ದಳು. ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ. ಎರಡು ವಾರದ ಗಡ್ಡ. ಬೀದಿಯ ಆಚೆ ಈಚೆ ನೋಡಿ ಕೇಳಿದ:

“ಅಂಗಡಿ ತೆಗೆದಿದ್ಯಾ?”

“ಕಣ್ಣು ಕಾಣಲ್ವಾ? ಕೂತ್ಕೋ.”

ಕುಳಿತ. ಮಾವ ಬಟ್ಟೆ ಸುತ್ತಿ, ನೊರೆ ಹಚ್ಚಿ, ಕತ್ತಿ ಬಿಚ್ಚಿದ. ಒಂದು ಕೆನ್ನೆ ಮುಗಿದು ಕತ್ತಿ ಗಂಟಲಿಗೆ ಇಳಿದಾಗ ಮೇಸ್ತ್ರಿ ಬಾಯಿಬಿಟ್ಟ.

“ನನ್ ಮಗಳು… ಮೂರು ತಿಂಗಳಾಯ್ತಣ್ಣ, ಮಾತಿಲ್ಲ ಕತೆಯಿಲ್ಲ. ಗೋಡೆ ನೋಡ್ತಾ ಕೂತಿರ್ತಾಳೆ. ಕೇರಿಗೆಲ್ಲ ಕಾಮಾಲೆ ಅಂತ ಹೇಳಿದೀನಿ.”

“ಮಾತಾಡ್ಬೇಡ. ಕತ್ತಿ ಗಂಟಲ ಮೇಲಿದೆ.”

ಆದರೆ ಕಟ್ಟೆ ಒಡೆದಿತ್ತು. ಮೂಟೆ ಮೂಟೆ ಹೊತ್ತ ಆ ದೇಹ ಗಳಗಳ ಅಳತೊಡಗಿತು. ನೊರೆಯ ಕೆಳಗೆ ಗಂಟಲ ಮಣಿ ಮೇಲೂ ಕೆಳಗೂ ಓಡಿತು. ಮಾವ ಸಮಾಧಾನ ಹೇಳಲಿಲ್ಲ, ಬೆನ್ನು ಸವರಲಿಲ್ಲ. ಬಿಕ್ಕು ಬಂದಾಗ ಕತ್ತಿ ಎತ್ತಿದ, ಉಗುಳು ನುಂಗುವ ತನಕ ಕಾದ, ಮತ್ತೆ ಇಟ್ಟ. ಎತ್ತಿದ, ಕಾದ, ಇಟ್ಟ. ಕಡ್ಡಿ ಡಬ್ಬಿ ಕೆಳಗಿಡುವುದನ್ನೂ ಮರೆತು ನೋಡಿದಳು. ಅಳುವ ಗಂಟಲಿನ ಮೇಲೆ ಕತ್ತಿ ನಡೆಸಬಲ್ಲವನನ್ನು ಯಾವ ಬಾಯಿ ಹುಚ್ಚ ಎಂದಿತ್ತೋ ಆ ಬಾಯಿಯೇ ಈಗ ಅವನ ಬೆರಳಿನ ಕೆಳಗಿತ್ತು.

“ಆ ಆಸ್ಪತ್ರೆಗೆ… ಯಾವತ್ತು ಹೋಗ್ಬೇಕಣ್ಣ?”

ಮಾವ ಕತ್ತಿಯ ನೊರೆ ಒರೆಸುತ್ತ ಕನ್ನಡಿಯೊಳಗಿಂದ ಕಡ್ಡಿಯನ್ನು ನೋಡಿದ. ಅಷ್ಟೇ.

ಕಡ್ಡಿ ಡಬ್ಬಿ ಕೆಳಗಿಟ್ಟಳು. ಊರ ಡಂಗುರದ ಬಾಯಿಯೇ ಎದುರಿಗಿದೆ. ಅವನಿಗೆ ಹೇಳಿದರೆ ಕೇರಿಗೆಲ್ಲ ಹೇಳಿದಂತೆ.

“ಬುಧವಾರ ದೊಡ್ಡಪ್ಪ. ಬೆಳಿಗ್ಗೆ ಎಂಟಕ್ಕೆ ಚೀಟಿ ಕೊಡ್ತಾರೆ. ನಾನು ಹೋಗ್ತಿದೀನಿ, ನಿಮ್ ಮಗಳನ್ನ ನನ್ ಜೊತೆ ಕಳ್ಸಿ.”

“ಮಾವನಿಗೆ ಮಾತ್ರೆ ತರೋಕಾ?”

“ಅಲ್ಲ. ನಂಗೇ. ಅವತ್ತೂ ನಂಗೇ ತೋರ್ಸೋಕೆ ಹೋಗಿದ್ದು.”

ಮೇಸ್ತ್ರಿ ಅರ್ಧ ನೊರೆಯ ಮುಖ ಹೊತ್ತು ಅವಳತ್ತ ತಿರುಗಿದ. ಏನೋ ಹೇಳಲು ತುಟಿ ತೆರೆದ.

“ಇನ್ನರ್ಧ ಗಡ್ಡ ಬಾಕಿ ಇದೆ,” ಎಂದ ಮಾವ. “ಕುತ್ತಿಗೆ ಎತ್ತು.”

ಮೇಸ್ತ್ರಿ ಎತ್ತಿದ.